ಮಧ್ಯಾಹ್ನ ಒಂದರ ಧಾರಾವಾಹಿ

ಹೋದ ತಿಂಗಳು ನಾಶಿಕದ ಕಾಲೇಜ್ ರೋಡಿನಲ್ಲಿ ರಿಕ್ಷಾಕ್ಕೆ ಕಾಯುತ್ತ ನಿಂತಿದ್ದೆ. ಪಕ್ಕದ ಚೈನೀಸ್ ಗಾಡಿಯವನು ಕಾದ ಬಾಣಲೆಗೆ ವಿನೆಗರ್ ಸುರಿದ. ಆ ಹುಳಿ ಘಾಟು ಮೂಗಿಗೆ ಬಡಿದದ್ದೇ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ರಸ್ತೆ ದಾಟಿ ಆಚೆ ಹೋಗಿ ನಿಂತೆ. ಡಯಾಲಿಸಿಸ್ ವಾರ್ಡಿನಲ್ಲಿ ರಕ್ತ ಸೋಸುವ ನಳಿಗೆಗಳನ್ನು ತೊಳೆಯುವ ಔಷಧಕ್ಕೆ ಇದೇ ವಾಸನೆ. ಒಂದು ದೀಪಾವಳಿಯಿಂದ ಮುಂದಿನ ಮಳೆಗಾಲದ ತನಕ, ವಾರಕ್ಕೆ ಎರಡು ಮಧ್ಯಾಹ್ನ, ನಾನು ಆ ವಾಸನೆಯಲ್ಲಿ ಕೂತಿದ್ದೇನೆ. ಮನೆಗೆ ಬಂದು ತಲೆ ತೊಳೆದುಕೊಂಡರೂ ಅದು ಕೂದಲಲ್ಲೇ ಉಳಿಯುತ್ತಿತ್ತು.

ನಮ್ಮ ಮಾವ ಗುರುಸಿದ್ದಪ್ಪನವರು ಗದಗಿನ ಕಡೆಯವರು. ಇಪ್ಪತ್ತೆರಡನೆಯ ವಯಸ್ಸಿಗೆ ಓಝರಿನ ವಿಮಾನ ಕಾರ್ಖಾನೆಗೆ ಫಿಟ್ಟರ್ ಆಗಿ ಬಂದು, ಅಲ್ಲೇ ನಿವೃತ್ತರಾಗಿ, ನಾಶಿಕದಲ್ಲೊಂದು ಫ್ಲ್ಯಾಟು ಕೊಂಡು ಉಳಿದವರು. ವಿಮಾನದ ರೆಕ್ಕೆಗೆ ರಿವೆಟ್ ಹೊಡೆದ ಕೈ ಅವರದು. ಮಾತು ಬಲು ಕಡಿಮೆ. ನಾನು ಸೊಸೆಯಾಗಿ ಬಂದು ಹದಿಮೂರು ವರ್ಷವಾಗಿತ್ತು. ‘ಚಹಾ ಆತೇನು’, ‘ಬಾಗಲಾ ಹಾಕ್ಕೋ’, ‘ಬಸು ಬಂದನೇನು’ — ಇಷ್ಟರಲ್ಲಿ ಅವರ ದಿನ ಮುಗಿಯುತ್ತಿತ್ತು. ಬಸು ಅಂದರೆ ನನ್ನ ಗಂಡ ಬಸವರಾಜ, ಸಾತಪುರದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅತ್ತೆ ತೀರಿಕೊಂಡು ಆಗಲೇ ಐದು ವರ್ಷ ಕಳೆದಿತ್ತು.

ದೀಪಾವಳಿಗೆ ಎಂಟು ದಿನ ಇರುವಾಗ ಮಾವನ ಕಾಲು ಬಾತವು, ಮಲಗಿದರೆ ಉಸಿರು ಕಟ್ಟತೊಡಗಿತು. ಎರಡೂ ಕಿಡ್ನಿ ಹೋಗಿವೆ ಅಂದರು ಡಾಕ್ಟರು. ಮಂಗಳವಾರ ಮತ್ತು ಶುಕ್ರವಾರ, ಹನ್ನೆರಡರಿಂದ ನಾಲ್ಕು ಗಂಟೆಯ ಪಾಳಿ ನಮಗೆ ಸಿಕ್ಕಿತು. ನಾನು ಸಂಜೆ ಮನೆಯಲ್ಲೇ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಿದ್ದೆ, ಮಧ್ಯಾಹ್ನ ಬಿಡುವಿತ್ತು. ಹಾಗಾಗಿ ಅವರನ್ನು ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು.

ವಾರ್ಡಿನಲ್ಲಿ ಆರು ಹಾಸಿಗೆ, ಪ್ರತಿಯೊಂದರ ಪಕ್ಕ ಆಳೆತ್ತರದ ಒಂದು ಮಷೀನು. ಎಡಗೈಗೆ ದಬ್ಬಣದಷ್ಟು ದಪ್ಪದ ಎರಡು ಸೂಜಿ ಚುಚ್ಚಿ, ಒಂದರಿಂದ ರಕ್ತ ಹೊರಗೆ, ಇನ್ನೊಂದರಿಂದ ಒಳಗೆ. ಹೊರಗೆ ಎಂಥ ಬಿಸಿಲಿದ್ದರೂ ರೋಗಿಗಳು ಕಂಬಳಿ ಹೊದ್ದು ನಡುಗುತ್ತಿದ್ದರು. ನಮ್ಮ ಪಕ್ಕದ ಹಾಸಿಗೆಯಲ್ಲಿ ದಿಂಡೋರಿಯಿಂದ ಬರುತ್ತಿದ್ದ ಕಮಲ್ ಕಾಕು ಇರುತ್ತಿದ್ದರು. ಅರವತ್ತರ ಸುಮಾರಿನ ಮರಾಠಿ ಹೆಂಗಸು, ಮನೆಯಲ್ಲಿ ನಾಲ್ಕು ಎಕರೆ ದ್ರಾಕ್ಷಿ ತೋಟ. ಹಣ್ಣು ತಿನ್ನಬಾರದೆಂದು ಡಾಕ್ಟರ ಕಟ್ಟಪ್ಪಣೆ. ಆದರೂ ಜನವರಿಯಲ್ಲಿ ತೋಟ ಕೊಯ್ಲಿಗೆ ಬಂದಾಗ ನರ್ಸುಗಳಿಗೆಂದು ಒಂದು ಪೆಟ್ಟಿಗೆ ಹಣ್ಣು ತಂದು, ಅವರು ತಿನ್ನುವುದನ್ನು ಕಣ್ಣರಳಿಸಿ ನೋಡಿ, “ಗೋಡ್ ಆಹೇ ನಾ?” ಅಂತ ಕೇಳುತ್ತಿದ್ದರು. ಸಿಹಿ ಇದೆ ಅಂತ ಯಾರಾದರೂ ಹೇಳಿದರೆ ಅವರಿಗೆ ಸಮಾಧಾನ.

ಗೋಡೆಯ ಮೇಲೊಂದು ಟಿವಿ ಇತ್ತು. ಮಧ್ಯಾಹ್ನ ಒಂದಕ್ಕೆ, ಹಿಂದಿನ ಸಂಜೆ ಬಂದ ಒಂದು ಮರಾಠಿ ಧಾರಾವಾಹಿಯನ್ನು ಮತ್ತೆ ಹಾಕುತ್ತಿದ್ದರು. ಅದರ ಹೆಸರೇನೋ ಉದ್ದ ಇತ್ತು. ವಾರ್ಡಿನಲ್ಲಿ ಎಲ್ಲರೂ ‘ವಾಡಾ’ ಅಂತಲೇ ಕರೆಯುತ್ತಿದ್ದರು, ಕಥೆ ನಡೆಯುವುದು ಒಂದು ವಾಡೆಯಲ್ಲಿ, ಹಳೆಯ ಕಾಲದ ದೊಡ್ಡ ಮನೆಯಲ್ಲಿ, ಅಂತ. ಸಟಾಣಾದ ಈರುಳ್ಳಿ ವ್ಯಾಪಾರಿ ಆಬಾ, ಅವನ ಒಬ್ಬಳೇ ಮಗಳು ರೇವತಿ. ಅಪ್ಪ ಒಪ್ಪದವನನ್ನು ಮದುವೆಯಾಗಿ ಮನೆ ಬಿಟ್ಟು ಹೋದವಳು. ತಾಯಿ ಗುಟ್ಟಾಗಿ ಮಗಳನ್ನು ಕಾಣುತ್ತಾಳೆ, ಅಪ್ಪನ ಮನಸ್ಸು ಕರಗುವುದಿಲ್ಲ.

ಮೊದಲ ವಾರಗಳಲ್ಲಿ ಮಾವ ಟಿವಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. “ಕೆಲಸಿಲ್ಲದವರ ಕೆಲಸ,” ಅಂದು ಗೋಡೆಯ ಕಡೆ ತಿರುಗುತ್ತಿದ್ದರು. ಕಮಲ್ ಕಾಕು ಬಿಡುವವರಲ್ಲ. “ಅಣ್ಣಾ, ನೋಡಿ ನೋಡಿ, ಆಬಾ ಮತ್ತೆ ಮೀಸೆ ತಿರುವಿದ,” ಅಂತ ಮರಾಠಿಯಲ್ಲಿ ಕೂಗಿ ಹೇಳುವರು. ಡಿಸೆಂಬರಿನ ಚಳಿ ಬೀಳುವ ಹೊತ್ತಿಗೆ ಮಾವ ತಲೆದಿಂಬು ಎತ್ತರಿಸಿಕೊಂಡು ನೋಡತೊಡಗಿದ್ದರು. ವಾರ್ಡಿಗೆ ಹೋಗದ ದಿನ ಸಂಜೆ ಏಳೂವರೆಗೆ ಮನೆಯಲ್ಲೇ ನೋಡುವರು. ಆ ಹೊತ್ತಿಗೆ ನನ್ನ ಟ್ಯೂಷನ್. ಆಮೇಲೆ ಊಟಕ್ಕೆ ಬಡಿಸುವಾಗ ಅವರೇ ಶುರುಮಾಡುತ್ತಿದ್ದರು:

“ಇವತ್ತ ಏನಾತು ಗೊತ್ತೇನು ಸುನಂದಾ, ತಾಯಿ ದೇವರ ಕೋಣ್ಯಾಗ ಫೋನ್ ಹಚ್ಚಿದ್ಲು. ಆಬಾ ಹಿಂದ ನಿಂತಾನ. ಕೇಳಿಸಿಕೊಂಡಾನ. ಆದ್ರ ಏನೂ ಅನ್ನಲಿಲ್ಲ, ಹೊರಳಿ ಹೋದ.”

“ಯಾಕ ಅನ್ನಲಿಲ್ಲರಿ?”

“ಅದಽ ನನಗೂ ತಿಳೀವಲ್ದು.”

ಹದಿಮೂರು ವರ್ಷದಲ್ಲಿ ಮಾವ ನನ್ನ ಜೊತೆ ಆಡಿದ ಮೊದಲ ಉದ್ದನೆಯ ಮಾತು ಆ ಧಾರಾವಾಹಿಯದು. ನನಗೆ ಖುಷಿಯಾಗಬೇಕಿತ್ತು. ಆದರೆ ಆ ಕಥೆ ಎಲ್ಲಿಂದ ಎದ್ದು ಎಲ್ಲಿ ತಾಗುತ್ತಿದೆಯೆಂದು ನನಗೆ ಗೊತ್ತಿತ್ತು.

ಮಾವನಿಗೊಬ್ಬ ಮಗಳಿದ್ದಳು, ಅನ್ನಪೂರ್ಣ. ನಾವೆಲ್ಲ ಅನ್ನು ಅಂತ ಕರೆಯುತ್ತಿದ್ದೆವು. ನಾನು ಮದುವೆಯಾಗಿ ಬಂದ ಎರಡನೆಯ ವರ್ಷ ಅವಳು ಸಂದೀಪ ಎಂಬ ಮರಾಠಿ ಹುಡುಗನನ್ನು ರಿಜಿಸ್ಟರ್ ಮದುವೆಯಾಗಿ ಸಂಭಾಜಿನಗರಕ್ಕೆ ಹೋದಳು. ಅವನಿಗೆ ಆ ಊರಂಚಿನ ವಾಳೂಜಿನ ಕಾರ್ಖಾನೆಯಲ್ಲಿ ಕೆಲಸ. “ನನಗ ಒಬ್ಬನಽ ಮಗ,” ಅಂದರು ಮಾವ. ಆಮೇಲೆ ಹನ್ನೊಂದು ವರ್ಷ ಮನೆಯಲ್ಲಿ ಆ ಹೆಸರು ಎತ್ತಲಿಲ್ಲ. ಅತ್ತೆ ಮಾತ್ರ ಭಾನುವಾರ ಹನ್ನೊಂದಕ್ಕೆ, ಮಾವ ತರಕಾರಿಗೆ ಹೋದಾಗ, ಫೋನಿನಲ್ಲಿ ಅವಳ ಜೊತೆ ಮಾತಾಡುತ್ತಿದ್ದರು.

ಅತ್ತೆ ಹೋದದ್ದೂ ಒಂದು ಭಾನುವಾರ. ಬೆಳಗಿನ ಏಳಕ್ಕೆ ಎದೆ ಹಿಡಿದುಕೊಂಡವರು ಎಂಟಕ್ಕೆ ಇರಲಿಲ್ಲ. ಹನ್ನೊಂದಕ್ಕೆ ಅತ್ತೆಯ ಫೋನು ರಿಂಗಾಗತೊಡಗಿತು. ಅದು ನನ್ನ ಕೈಯಲ್ಲಿತ್ತು. ಹೆಣದ ತಲೆದೆಸೆಯಲ್ಲಿ ಕೂತಿದ್ದ ಮಾವ ತಲೆ ಎತ್ತಿ ನೋಡಿ, “ಬಂದ್ ಮಾಡು,” ಅಂದರು. ನನ್ನ ಗಂಡ ಅಲ್ಲೇ ನಿಂತಿದ್ದರು, ನೆಲ ನೋಡಿದರು. ನಾನು ಬಂದ್ ಮಾಡಿದೆ. ಅತ್ತೆಯ ಮಣ್ಣಾಗಿ ಒಂಬತ್ತು ದಿನಕ್ಕೆ ಅನ್ನುಗೆ ಯಾರೋ ನೆರೆಮನೆಯವರಿಂದ ಸುದ್ದಿ ಮುಟ್ಟಿತಂತೆ. ಅವಳು ಬರಲಿಲ್ಲ, ಫೋನೂ ಮಾಡಲಿಲ್ಲ. ಬಂದು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಫೆಬ್ರವರಿಯ ಒಂದು ಶನಿವಾರ ಸಂಜೆ ಟ್ಯೂಷನ್ನಿಗೆ ರಜೆ ಕೊಟ್ಟಿದ್ದೆ. ಮಾವ ಪಡಸಾಲೆಯಿಂದ ಕೂಗಿದರು: “ಸುನಂದಾ, ಲಗೂನ ಬಾ.” ಹೋಗಿ ಅವರ ಕುರ್ಚಿಯ ಹಿಂದೆ ನಿಂತೆ. ಧಾರಾವಾಹಿಯಲ್ಲಿ ತಾಯಿ ಸತ್ತಿದ್ದಳು. ರೇವತಿ ಬಸ್ಸಿಳಿದು ಓಡಿ ಬಂದು ವಾಡೆಯ ದೊಡ್ಡ ಬಾಗಿಲನ್ನು ಎರಡೂ ಕೈಯಿಂದ ಬಡಿಯುತ್ತಿದ್ದಳು. ಒಳಗೆ ಆಬಾ ತೂಗುಮಣೆಯಿಂದ ಎದ್ದ. ಅಂಗಳ ದಾಟಿದ. ಅಗಳಿಯ ಮೇಲೆ ಕೈಯಿಟ್ಟ. ಅಲ್ಲಿಗೆ ಚಿತ್ರ ನಿಂತಿತು. ಕೆಳಗೆ ಅಕ್ಷರ ಓಡಿದವು — ಸೋಮವಾರದಿಂದ ಇದೇ ವೇಳೆಗೆ ಹೊಸ ಧಾರಾವಾಹಿ.

“ಹೊತ್ತು ಬದಲಿ ಮಾಡ್ಯಾರೇನು?” ಅಂದರು ಮಾವ. ಅವರ ಬೆರಳು ಕುರ್ಚಿಯ ತೋಳನ್ನು ಹಿಡಿದೇ ಇದ್ದವು.

ಹೊತ್ತು ಬದಲಾಗಿರಲಿಲ್ಲ. ನೋಡುವವರು ಕಡಿಮೆಯಾದರಂತ ನಿಲ್ಲಿಸಿಯೇ ಬಿಟ್ಟಿದ್ದರು. ಮಂಗಳವಾರ ವಾರ್ಡಿನಲ್ಲಿ ಒಂದು ಗಂಟೆಗೆ ಟಿವಿಯಲ್ಲಿ ಯಾರದೋ ಮದುವೆ, ಬಾಜಾ ಬಜಂತ್ರಿ, ಕುಣಿತ. ಕಮಲ್ ಕಾಕು ನರ್ಸನ್ನು ಕರೆದು ಚಾನೆಲ್ ತಿರುಗಿಸಲು ಹೇಳಿದರು. ಅವಳು ಎಲ್ಲ ಚಾನೆಲ್ ತಿರುಗಿಸಿದಳು, ಫೋನಿನಲ್ಲೂ ಹುಡುಕಿದಳು. ಎಲ್ಲ ಕಡೆ ಕಥೆ ಆ ಅಗಳಿಯ ತನಕ ಇತ್ತು, ಮುಂದಿಲ್ಲ.

“ಹೀಗೆ ನಡುವೆ ಬಿಟ್ಟು ಹೋಗುತ್ತಾರಾ? ಆ ಹುಡುಗಿ ಹೊರಗೇ ನಿಂತಿದ್ದಾಳಲ್ಲ!” ಕಾಕು ನಿಜವಾಗಿ ಅಳುತ್ತಿದ್ದರು. ಮಷೀನು ಕೂಗಿಕೊಂಡಿತು, ನರ್ಸು ಓಡಿ ಬಂದು, ಬಿ.ಪಿ. ಏರಿಸಿಕೊಳ್ಳಬೇಡಿ ಅಂತ ಗದರಿಸಿದಳು.

ಮಾವ ಅಳಲಿಲ್ಲ, ಸಿಟ್ಟಾದರು. ನನ್ನ ಕೈಯಲ್ಲಿ ಚಾನೆಲ್ಲಿಗೊಂದು ಪತ್ರ ಬರೆಸಿದರು. “ನಲವತ್ತ ವರ್ಷ ಕಾರ್ಖಾನ್ಯಾಗ ದುಡದೀನಿ. ಅರ್ಧ ಕೆಲಸಾ ಬಿಟ್ಟ ಮನಿಗೆ ಹೋದಾವ ಅಲ್ಲ. ಬರಿ, ಹಿಂಗಽ ಬರಿ.” ನಾನು ಅದನ್ನು ಮರಾಠಿಗೆ ತಿರುಗಿಸಿ ಬರೆದೆ. ಕಾಕು ಸಹಿ ಹಾಕಿದರು, ಮತ್ತೆ ನಾಲ್ವರು ರೋಗಿಗಳೂ ಹಾಕಿದರು. ಸೂಜಿ ಚುಚ್ಚಿದ ಕೈ ಎತ್ತುವಂತಿಲ್ಲವಾದ್ದರಿಂದ ನಾನೇ ಕಾಗದವನ್ನು ಒಬ್ಬೊಬ್ಬರ ಹಾಸಿಗೆಗೆ ಒಯ್ದು ಹಿಡಿದೆ. ಉತ್ತರ ಬರಲಿಲ್ಲ. ಮಾರ್ಚ್ ಬಂತು, ಬಿಸಿಲು ಏರಿತು. ಊಟದ ಹೊತ್ತಿನ ನಮ್ಮ ಮಾತು ನಿಂತುಹೋಯಿತು. ಮಾವ ತಟ್ಟೆಯಲ್ಲಿ ಬೆರಳಾಡಿಸಿ ಎದ್ದುಬಿಡುವರು.

ಒಂದು ಶುಕ್ರವಾರ ಕಾಕು ಸುದ್ದಿ ತಂದರು. ಆಬಾನ ಪಾತ್ರ ಮಾಡಿದವರು ನಾಟಕದ ಹಳೆಯ ನಟ, ಮಧುಕರರಾವ್ ಅಂತ, ಇರುವುದು ಸಂಭಾಜಿನಗರದಲ್ಲಿ. ಕಾಕುವಿನ ಮೈದುನ ಅವರ ವಿಳಾಸ ಹುಡುಕಿ ಕೊಟ್ಟಿದ್ದ. ಕಾಕು ಚೀಟಿಯನ್ನು ನನ್ನ ಕೈಯಲ್ಲಿಟ್ಟು, ತಮ್ಮ ಸೊಸೆಯನ್ನೇ ಕರೆಯುವ ಹಾಗೆ, “ಸೂನಬಾಯಿ, ನೀನೇ ಹೋಗಿ ಬಾ. ಏನಾಗಬೇಕಿತ್ತು ಅಂತ ಕೇಳಿಕೊಂಡು ಬಂದರೆ ಸಾಕು,” ಅಂದರು. ನಾನು ಮಾವನ ಮುಖ ನೋಡಿದೆ. ಅವರು ಚಾವಣಿ ನೋಡುತ್ತ, “ಹೋಗಿ ಬಾ,” ಅಂದರು. ಸಂಭಾಜಿನಗರದಲ್ಲಿ ಇನ್ನೂ ಯಾರಿದ್ದಾರೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಗುರುವಾರ ಬೆಳಗ್ಗೆ ಎಸ್.ಟಿ. ಬಸ್ ಹತ್ತಿದೆ. ಯೇವಲಾ, ವೈಜಾಪುರ ದಾಟಿ ಐದು ಗಂಟೆಯ ದಾರಿ. ಹತ್ತಿ ಕಿತ್ತ ಹೊಲಗಳಲ್ಲಿ ಒಣ ಕಡ್ಡಿ ನಿಂತಿದ್ದವು, ಬಿಸಿಗಾಳಿ ಕಿಟಕಿಯಿಂದ ಮುಖಕ್ಕೆ ರಾಚುತ್ತಿತ್ತು.

ಮಧುಕರರಾವ್ ಟಿವಿಯಲ್ಲಿ ಕಂಡದ್ದಕ್ಕಿಂತ ಗಿಡ್ಡ, ಮೀಸೆಯೂ ಇರಲಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ನಾಟಕದ ತರಗತಿ ನಡೆಸುತ್ತಿದ್ದರು. ಬಂದ ಕಾರಣ ಹೇಳಿದಾಗ ನಗಲಿಲ್ಲ. ಮಕ್ಕಳನ್ನು ಹೊರಗೆ ಕಳಿಸಿ, ನನಗೆ ನೀರು ಕೊಟ್ಟು, ಎದುರಿಗೆ ಕೂತರು.

“ಮುಂದಿನದನ್ನು ಎರಡು ಥರ ಶೂಟ್ ಮಾಡಿದ್ದರು, ತಾಯಿ,” ಅಂದರು ಮರಾಠಿಯಲ್ಲಿ. “ಒಂದರಲ್ಲಿ ಬಾಗಿಲು ತೆಗೆಯುತ್ತೇನೆ. ಇನ್ನೊಂದರಲ್ಲಿ ಅಗಳಿಯ ಮೇಲಿಂದ ಕೈ ತೆಗೆದು ವಾಪಸು ಹೋಗುತ್ತೇನೆ. ಯಾವುದನ್ನು ಹಾಕಬೇಕೆಂದು ಆಮೇಲೆ ನೋಡೋಣ ಅಂದಿದ್ದರು. ಅಷ್ಟರಲ್ಲಿ ಕೆಲಸವೇ ನಿಂತಿತು. ಎರಡೂ ಅಲ್ಲೇ ಬಿದ್ದಿರಬೇಕು.”

“ಬರೆದವರ ಮನಸ್ಸಿನಲ್ಲಿ ಯಾವುದಿತ್ತು?”

“ಬರೆಯುವವರು ಆ ವಾರದ್ದು ಆ ವಾರ ಬರೆಯುತ್ತಿದ್ದರು. ಅವರಿಗೆಲ್ಲಿ ಗೊತ್ತು?” ಆಮೇಲೆ ಅವರೇ ಹೇಳಿದರು: “ಬಾಗಿಲು ತೆಗೆಯದೆ ಹೋಗುವುದನ್ನು ಒಂದೇ ಸಲಕ್ಕೆ ಮಾಡಿದೆ. ತೆಗೆಯುವುದನ್ನು ಆರು ಸಲ ಮಾಡಿಸಿದರು. ತೆಗೆದ ಮೇಲೆ ಮುಖ ಹೇಗಿಟ್ಟುಕೊಳ್ಳಬೇಕೆಂದು ನನಗೆ ತಿಳಿಯಲೇ ಇಲ್ಲ.”

ಅಲ್ಲಿಂದ ಷೇರ್ ರಿಕ್ಷಾ ಹಿಡಿದು ವಾಳೂಜಿಗೆ ಹೋದೆ. ಅನ್ನುವಿನ ವಿಳಾಸ ಅತ್ತೆಯ ಹಳೆಯ ಡೈರಿಯಲ್ಲಿತ್ತು. ಬರುವಾಗಲೇ ಬರೆದುಕೊಂಡು ತಂದಿದ್ದೆ. ಮೂರು ಅಂತಸ್ತಿನ ಚಾಳಿನಂಥ ಕಟ್ಟಡ, ಮೊದಲ ಮಹಡಿ. ಅವಳು ಬಿಡಿಭಾಗ ತಪಾಸಣೆ ಮಾಡುವ ಕಡೆ ಕಾಂಟ್ರ್ಯಾಕ್ಟಿನ ಮೇಲೆ ದುಡಿಯುತ್ತಿದ್ದಳು. ಆಗತಾನೆ ಪಾಳಿ ಮುಗಿಸಿ ಬಂದು ಬೂಟು ಕಳಚುತ್ತಿದ್ದಳು. ನನ್ನನ್ನು ಕಂಡವಳು ಒಂದು ಬೂಟಿನಲ್ಲೇ ಎದ್ದು ನಿಂತಳು.

“ವೈನಿ? ಯಾರರೆ ಹೋದ್ರೇನು?”

“ಇಲ್ಲವಾ. ಮಾವಾರಿಗೆ ಆರಾಮಿಲ್ಲ.” ಎಲ್ಲ ಹೇಳಿದೆ. ಅವಳು ಕೇಳುತ್ತ ಚಹಾ ಮಾಡಿದಳು.

“ಅವರು ಕಳಿಸ್ಯಾರೇನು ನಿಮ್ಮನ್ನ?”

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. “ಅವರು ಕಳಿಸಿದ್ದು ಬ್ಯಾರೆ ಕೆಲಸಕ್ಕ,” ಅಂದು ಧಾರಾವಾಹಿಯ ವಿಷಯ ತಿಳಿಸಿದೆ.

ಅನ್ನು ಸೋಸುತ್ತಿದ್ದ ಚಹಾದ ಪಾತ್ರೆಯನ್ನು ಕೆಳಗಿಟ್ಟಳು. “ಟಿವಿಯಾಗಿನ ಮಗಳ ಚಿಂತಿ ಹತ್ತೇತಿ ಅವರಿಗೆ,” ಅಂದಳು. “ನಾ ನೋಡಿಲ್ಲ ವೈನಿ. ಎರಡೆರಡು ಪಾಳಿ ಮಾಡ್ತೀನಿ, ಧಾರಾವಾಹಿ ಎಲ್ಲಿಂದ ನೋಡ್ಲಿ?” ಆಮೇಲೆ ನನ್ನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು: “ಅವ್ವ ಹೋದ ದಿನಾ ಹನ್ನೊಂದಕ್ಕ ಫೋನ್ ಹಚ್ಚಿದ್ದೆ. ಪೂರ್ತಿ ರಿಂಗಾಗಲಿಲ್ಲ, ನಡುವಽ ಬಂದಾತು. ಯಾರು ಬಂದ್ ಮಾಡಿದ್ರು?”

“ನಾನು.”

ಹೊರಗೆ ಯಾವುದೋ ಕಾರ್ಖಾನೆಯ ಭೋಂಗಾ ಕೂಗಿತು.

“ಚಹಾ ಕುಡೀರಿ, ಆರತೈತಿ,” ಅಂದಳು ಅನ್ನು. ನಾನು ಹೊರಡುವಾಗ ಬಾಗಿಲ ತನಕ ಬಂದು, “ನಾ ಬರಂಗಿಲ್ಲ ವೈನಿ. ಅದನ್ನೂ ಹೇಳಬ್ಯಾಡ್ರಿ ಅವರಿಗೆ. ಏನೂ ಹೇಳಬ್ಯಾಡ್ರಿ,” ಅಂದಳು. ತನ್ನ ಹೊಸ ಫೋನ್ ನಂಬರ್ ಮಾತ್ರ ಕೊಟ್ಟಳು. ಏನಾದರೂ ಆದರೆ ಇರಲಿ ಅಂತ.

ಮನೆಗೆ ಬಂದು ನಟ ಹೇಳಿದ್ದನ್ನು ಇದ್ದದ್ದು ಇದ್ದ ಹಾಗೆ ಮಾವನಿಗೆ ಹೇಳಿದೆ. ಅವರು, “ತೆಗೆಯೋದು ಆರು ಸಲ ಮಾಡಿಸಿದರಂತೇನು?” ಅಂತ ಕೇಳಿದರು. ಹೂಂ ಅಂದೆ. “ನಾಳೆ ಕಮಲಬಾಯಿಗೆ ಹೇಳೋಣ,” ಅಂದರು. ಅನ್ನುವನ್ನು ಕಂಡದ್ದನ್ನು ನಾನು ಹೇಳಲಿಲ್ಲ. ಮಾವ ನನ್ನ ಮುಖವನ್ನೇ ನೋಡುತ್ತಿದ್ದರು, ಕೇಳುತ್ತಾರೇನೋ ಅನ್ನಿಸಿತು. ಅವರು ಕೇಳಲಿಲ್ಲ.

ಮರುದಿನ ಶುಕ್ರವಾರ ಕಾಕುವಿನ ಹಾಸಿಗೆ ಖಾಲಿ ಇತ್ತು. ದಿಂಡೋರಿಯಿಂದ ಬರುವ ದಾರಿಯಲ್ಲಿ ವಾಹನ ಸಿಕ್ಕಿರಲಿಕ್ಕಿಲ್ಲ ಅಂದುಕೊಂಡೆವು. ನರ್ಸು ಬಂದು ಆ ಹಾಸಿಗೆಗೆ ಬೇರೆ ಹೆಸರಿನ ಚೀಟಿ ಅಂಟಿಸಿದಾಗ ತಿಳಿಯಿತು. ಗುರುವಾರ ಸಂಜೆ, ನಾನು ವಾಳೂಜಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಹೊತ್ತಿಗೆ, ಕಾಕು ಹೋಗಿದ್ದರು.

ಮಾವ ಆ ನಾಲ್ಕು ಗಂಟೆ ಕಣ್ಣು ಮುಚ್ಚಲಿಲ್ಲ. ಇಳಿಯುವ ಹೊತ್ತಿಗೆ ಒಂದೇ ಮಾತು ಆಡಿದರು: “ಆಕಿಗೆ ಗೊತ್ತಾಗಲಽ ಇಲ್ಲ.”

ಏಪ್ರಿಲ್ ಪೂರ್ತಿ ಅವರು ಇಳಿಯುತ್ತ ಹೋದರು. ಅಂಗಿ ಮೈಮೇಲೆ ನೇತಾಡುತ್ತಿತ್ತು. ಒಂದು ಮಂಗಳವಾರ, ಮಷೀನು ಹಚ್ಚಿ ಅರ್ಧ ಗಂಟೆಯಾಗಿತ್ತು, ಬಲಗೈ ಚಾಚಿ ನನ್ನನ್ನು ಕರೆದರು.

“ಅನ್ನೂನ ನಂಬರ್ ಐತೇನು ನಿನ್ನ ಕಡೆ?”

ಹನ್ನೊಂದು ವರ್ಷದ ಮೇಲೆ ಆ ಹೆಸರು ಅವರ ಬಾಯಲ್ಲಿ ಬಂದಿತ್ತು. ಎಲ್ಲಿಂದ ಬಂತು ನಂಬರ್ ಅಂತ ಅವರು ಕೇಳಲಿಲ್ಲ. ನಾನು ಹಚ್ಚಿ, ಸ್ಪೀಕರ್ ಹಾಕಿ, ಅವರ ಮುಖದ ಹತ್ತಿರ ಹಿಡಿದೆ.

“ಹಲೋ, ಕೋಣ್?” ಹಿಂದೆ ಯಂತ್ರಗಳ ಸದ್ದು. ನನ್ನ ನಂಬರನ್ನು ನಾನು ಅವಳಿಗೆ ಕೊಟ್ಟಿರಲಿಲ್ಲ.

ಮಾವ ದಿಂಬಿನಿಂದ ತಲೆ ಎತ್ತಿದರು. ಆಮೇಲೆ, “ಊಟಾ ಆತೇನವಾ?” ಅಂದರು.

ಆ ಕಡೆ ಯಂತ್ರಗಳ ಸದ್ದು ದೂರಾಯಿತು. ಅನ್ನು ಕನ್ನಡ ತಿಳಿಯದ ಮರಾಠಿಯವರ ಹಾಗೆ, “ರಾಂಗ್ ನಂಬರ್,” ಅಂದು ಇಟ್ಟುಬಿಟ್ಟಳು.

“ರಾಂಗ್ ನಂಬರ್ ಅಂದ್ಲು,” ಅಂದರು ಮಾವ.

“ಹೂಂರಿ.”

“ದನಿ ಥೇಟ್ ಅವರವ್ವಂದಽ ಐತಿ.”

ಆಮೇಲೆ ಎಂಟು ದಿನ ಏನೂ ಇಲ್ಲ. ಮೇ ತಿಂಗಳ ಮೊದಲ ವಾರ, ಊಟಕ್ಕೆ ಕೂತಾಗ, ತಾನೇ ಹೋಗುತ್ತೇನೆ ಅಂದರು. ಶುಕ್ರವಾರದ ಡಯಾಲಿಸಿಸ್ ಆದ ಮೇಲೆ ಭಾನುವಾರ ಹೋಗಿ ಬಂದರೆ ಮಂಗಳವಾರಕ್ಕೆ ತೊಂದರೆ ಇಲ್ಲ ಅಂತ ಲೆಕ್ಕವನ್ನೂ ಹಾಕಿಟ್ಟಿದ್ದರು. ನನ್ನ ಗಂಡ, “ಆಕಿ ಒಳಗ ಕರೀಲಿಲ್ಲಂದ್ರ?” ಅಂದರು.

“ಕರೀಲಿಲ್ಲಂದ್ರ ವಾಪಸ್ ಬರೋದು,” ಅಂದರು ಮಾವ. “ನಾ ಏನು ಕರದೀನಿ ಆಕಿನ್ನ?”

ಬಾಡಿಗೆ ಕಾರು ಮಾಡಿ ಬೆಳಗಿನ ಐದಕ್ಕೇ ಹೊರಟೆವು, ಬಿಸಿಲೇರುವ ಮೊದಲು ಮುಟ್ಟಲೆಂದು. ವಾಳೂಜಿನ ಆ ಕಟ್ಟಡದ ಮುಂದೆ ಇಳಿದಾಗ ಹತ್ತು ಗಂಟೆ. ನನ್ನ ಗಂಡ ಕಾರಿನಿಂದ ಇಳಿಯಲಿಲ್ಲ. “ನೀವು ಹೋಗಿ ಬರ್ರಿ. ನನಗ ಮಾರಿ ತೋರಸೋಕ ಆಗಂಗಿಲ್ಲ,” ಅಂದರು. ಮಾವ ಒಂದೊಂದು ಮೆಟ್ಟಿಲಿಗೂ ನಿಂತು ಉಸಿರು ತೆಗೆದುಕೊಂಡು ಹತ್ತಿದರು. ಬಾಗಿಲ ಮುಂದೆ ನಿಂತು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. ನಾನು ಬೆಲ್ ಒತ್ತಲು ಹೋದೆ, ಬೇಡ ಅಂದು ತಾವೇ ಬಡಿದರು.

ತೆಗೆದದ್ದು ಎಂಟು ವರ್ಷದ ಹುಡುಗಿ. ಎರಡು ಜಡೆ, ಒಂದು ಜಡೆಗೆ ಮಾತ್ರ ರಿಬ್ಬನ್. “ಕೋಣ್ ಪಾಹಿಜೆ?” ಅಂತ ಕೇಳಿತು. ಯಾರು ಬೇಕಿತ್ತು ಅಂತ.

ಮಾವನಿಗೆ ಆ ಮಗುವಿನ ಹೆಸರೂ ಗೊತ್ತಿರಲಿಲ್ಲ. ತಾನು ಯಾರೆಂದು ಹೇಳಲೂ ಅವರಿಗೆ ಬಾಯಿ ಬರಲಿಲ್ಲ. “ನಾಶಿಕ್‌ಹೂನ್ ಆಲೋ,” ಅಂದರು. ನಾಶಿಕದಿಂದ ಬಂದೆ.

ಒಳಗಿನಿಂದ ಅನ್ನು ಒದ್ದೆ ಕೈಯಲ್ಲೇ ಬಂದಳು. ನೋಡಿದಳು. ಅವರ ಇಳಿಬಿದ್ದ ಅಂಗಿ, ಎಡಗೈಯ ಮೇಲೆ ಹಗ್ಗದಂತೆ ಉಬ್ಬಿದ ನರ, ಅದರ ಮೇಲಿನ ಪಟ್ಟಿ, ಎಲ್ಲವನ್ನೂ ನೋಡಿದಳು. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಮಗಳ ಕಡೆ ತಿರುಗಿ, “ಸ್ವರಾ, ಖುರ್ಚಿ ಆಣ್,” ಅಂದಳು. ಮಗು ಒಳಗಿನಿಂದ ಕುರ್ಚಿ ಎಳೆದುಕೊಂಡು ಬಂತು. ಮಾವ ಒಳಗೆ ಬಂದು ಕೂತರು.

ಒಂದು ಗಂಟೆ ಇದ್ದೆವು. ಸಂದೀಪ ಪಾಳಿಗೆ ಹೋಗಿದ್ದ. “ನೀರು ದಿನಾ ಬರತಾವೇನು?” ಅಂತ ಮಾವ ಕೇಳಿದರು. “ಇಲ್ಲರಿ, ನಾಕೈದು ದಿನಕ್ಕೊಮ್ಮೆ,” ಅಂದಳು ಅನ್ನು. ಹಿಂದೆ ಅಪ್ಪನನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದವಳು ಅವಳು. ಆ ‘ರಿ’ ಮಾವನ ಮುಖಕ್ಕೆ ತಾಗಿದ್ದು ಕಂಡಿತು. ಬಾಡಿಗೆ ಮನೆಯೋ ಸ್ವಂತವೋ, ಶಾಲೆ ಹತ್ತಿರವೋ ದೂರವೋ, ಇಂಥವೇ ಮಾತು. ಅತ್ತೆಯ ಹೆಸರನ್ನು ಯಾರೂ ಎತ್ತಲಿಲ್ಲ. ಅಡಿಗೆಕಟ್ಟೆಯ ಮೇಲಿನ ಕುಕ್ಕರಿನ ಹಿಡಿಕೆ ಸಡಿಲಾಗಿ ಅಲ್ಲಾಡುವುದನ್ನು ನೋಡಿ ಮಾವ ಸ್ಕ್ರೂಡ್ರೈವರ್ ಕೇಳಿದರು. ಅವಳು ಕೊಟ್ಟಳು. ಎಡಗೈಗೆ ಭಾರ ಹಾಕಬಾರದೆಂದು ನಾನು ಕುಕ್ಕರ್ ಹಿಡಿದುಕೊಂಡೆ. ಅವರ ಕೈಯಿಂದ ಸ್ಕ್ರೂ ಎರಡು ಸಲ ಜಾರಿ ಬಿತ್ತು, ಎರಡೂ ಸಲ ಸ್ವರಾ ಹುಡುಕಿ ಕೊಟ್ಟಳು. ಬಿಗಿದ ಮೇಲೆ ಎತ್ತಿ ನೋಡಿ, “ಈಗ ಆತು,” ಅಂದು ಎದ್ದರು.

ನಾವು ಮೆಟ್ಟಿಲಿಳಿಯುವಾಗ ಮೇಲಿನಿಂದ ಅನ್ನುವಿನ ದನಿ ಬಂತು: “ಸಾವಕಾಶ ಇಳೀರಿ.”

ಮಳೆ ಆ ವರ್ಷ ತಡವಾಯಿತು. ಜೂನ್ ಮೂರನೆಯ ವಾರವೂ ಮೋಡ ಬರುವುದು, ಹೋಗುವುದು. ಒಂದು ಮಂಗಳವಾರ ಬೆಳಗ್ಗೆ, ಆಸ್ಪತ್ರೆಗೆಂದು ಅಂಗಿ ಹಾಕಿಕೊಳ್ಳುತ್ತಿದ್ದ ಮಾವ ಮಂಚದ ಮೇಲೆ ಕೂತವರು ಹಾಗೇ ಒರಗಿದರು. ನಾನು ಓಡಿ ಬರುವಷ್ಟರಲ್ಲಿ ಮುಗಿದಿತ್ತು. ನನ್ನ ಗಂಡ ಕಾರ್ಖಾನೆಯಲ್ಲಿದ್ದರು. ಮೊದಲು ಅನ್ನುಗೆ ಫೋನ್ ಹಚ್ಚಿದೆ, ಆಮೇಲೆ ಅವರಿಗೆ. 

ನಾಶಿಕದಲ್ಲೇ ನೆಲೆಸಿದ್ದ ಗದಗಿನ ಕಡೆಯ ನಾಲ್ಕು ಮನೆಯ ಹಿರಿಯರು ಬಂದು ಸೇರಿದರು. ಮಧ್ಯಾಹ್ನ ದಾಟಿತು. “ಹೊತ್ತಾತು, ಎತ್ತೋಣ,” ಅಂತ ಅವರಲ್ಲೊಬ್ಬರು ಎರಡು ಸಲ ಅಂದರು. ಜೀವಮಾನದಲ್ಲಿ ಹಿರಿಯರಿಗೆ ಎದುರಾಡದ ನನ್ನ ಗಂಡ ಬಾಗಿಲಿಗೆ ಅಡ್ಡ ನಿಂತು, “ತಂಗಿ ಬರೋತನಕ ಎತ್ತಂಗಿಲ್ಲ,” ಅಂದರು. ಅನ್ನು ಮೂರು ಗಂಟೆಗೆ ಬಂದಳು, ಸಂದೀಪನನ್ನೂ ಸ್ವರಾಳನ್ನೂ ಕರೆದುಕೊಂಡು. ಅಪ್ಪನ ಪಾದದ ಹತ್ತಿರ ಕೂತಳು. ಅಳಲಿಲ್ಲ. ರುದ್ರಭೂಮಿಯಲ್ಲಿ ಒಂದು ಹಿಡಿ ಮಣ್ಣು ಹಾಕಿ, ಕೈ ಒರೆಸಿಕೊಳ್ಳದೆ ನಿಂತೇ ಇದ್ದಳು. ವಾಪಸು ಬರುವಾಗ ಆ ವರ್ಷದ ಮೊದಲ ಮಳೆ ಬಂತು. ಯಾರೂ ಓಡಲಿಲ್ಲ.

ಮೂರನೆಯ ದಿನ ಬೆಳಗ್ಗೆ ನಾನೂ ಅವಳೂ ಗ್ಯಾಲರಿಯಲ್ಲಿ ಕೂತು ಮಾವನ ಬಟ್ಟೆ ಬೇರ್ಪಡಿಸುತ್ತಿದ್ದೆವು. ಅನ್ನು ಒಂದು ಅಂಗಿಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು.

“ವೈನಿ, ಅವತ್ತ ನಮ್ಮನಿಯಿಂದ ವಾಪಸ್ ಹೋಗುವಾಗ ದಾರಿಯೊಳಗ ಅಪ್ಪ ಏನರೆ ಅಂದ್ನೇನು?”

ಕಟ್ಟಿ ಹೇಳಲು ನನಗೆ ಮನಸ್ಸಾಗಲಿಲ್ಲ. “ವೈಜಾಪುರದ ತನಕ ಸುಮ್ಮನಿದ್ರು. ಆಮ್ಯಾಲೆ, ‘ಮನಿ ಸ್ವಚ್ಛ ಇಟ್ಟಾಳ’ ಅಂದ್ರು. ಮುಂದ ನಿದ್ದಿ ಹತ್ತಿತು.”

“ಇಷ್ಟಽ?”

“ಇಷ್ಟಽ.”

ಅವಳು ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡಳು. “ಅವಂಗ ಭಾಳ ಬೈಯೋದಿತ್ತು ವೈನಿ. ಐದು ವರ್ಷ ಕೂಡಿಸಿಟ್ಟಿದ್ದೆ. ಒಂದೊಂದು ಮಾತೂ ಹಿಂಗಿಂಗಽ ಅನಬೇಕಂತ ಪಾಠ ಮಾಡಿಟ್ಟಿದ್ದೆ. ಅವ ನೋಡಿದ್ರ ಕುಕ್ಕರ್ ಹಿಡಕಿ ಬಿಗೀಕೋತ ಕುಂತ. ಹೆಂಗ ಬೈಲಿ? ಮುಂದಿನ ಸಲ ಬಂದಾಗ ಅಂದ್ರಾತು ಅಂತ ಬಿಟ್ಟೆ.”

ಒಳಗೆ ಸ್ವರಾ ಜಡೆ ಹಾಕಲು ಕೂಗುತ್ತಿದ್ದಳು. ಅನ್ನು ಎದ್ದು ಹೋದಳು.